ತಲೆ ತಗ್ಗಿಸಿ ಉಣ್ಣುತ್ತಿದ್ದ ವೈದ್ಯ

"ಅಜ್ಜಾರೇ, ಕಣ್ಣೆದುರಿಗೆ ಇದ್ದದ್ದನ್ನು ನೋಡದೆ ಬಿಡುವುದರಲ್ಲಿ ಎಷ್ಟು ಬಗೆ? ಅದರಲ್ಲಿ ಯಾವುದು ದೊಡ್ಡ ತಪ್ಪು?"

ಕೇಳಿದವನು ಮುರಿಗೆಪ್ಪ. ಮಠದ ಶಾಲೆಯಲ್ಲಿ ಇಂಗ್ಲಿಷ್ ಕಲಿಸುತ್ತಿದ್ದ. ಸಂಜೆ ಶಾಲೆ ಬಿಟ್ಟ ಮೇಲೆ ಮಠದ ಹಿರಿಯ ಸ್ವಾಮಿಗಳ ಹತ್ತಿರ ಬಂದು ಕೂರುತ್ತಿದ್ದ. ಊರವರಂತೆ ಅವನೂ ಅವರನ್ನು ಅಜ್ಜಾರು ಎನ್ನುತ್ತಿದ್ದ.

"ಯಾರು ಏನನ್ನು ನೋಡದೆ ಬಿಟ್ಟರು?" ಎಂದು ಅಜ್ಜಾರು ಕೇಳಿದರು.

"ಯಾರೂ ಇಲ್ಲ, ಪಾಠದ ಮಾತು. ಇಂಗ್ಲಿಷಿನಲ್ಲಿ ಇದಕ್ಕೆ ಒಂದು ರಾಶಿ ಪದಗಳಿವೆ. ಕಣ್ಣು ತಪ್ಪಿ ಹೋದರೆ ಓವರ್‌ಲುಕ್. ಕಂಡೂ ಕಾಣದ ಹಾಗೆ ಇದ್ದರೆ ಇಗ್ನೋರ್. ಕಂಡು, ಇದೇನು ಮಹಾ ಎಂದು ತಳ್ಳಿಹಾಕಿದರೆ ಡಿಸ್‌ರಿಗಾರ್ಡ್. ನೋಡಿಕೊಳ್ಳಬೇಕಾದವನೇ ನೋಡಿಕೊಳ್ಳದಿದ್ದರೆ ನೆಗ್ಲೆಕ್ಟ್. ಹುಡುಗರು ಎಲ್ಲವನ್ನೂ ಕಲಸಿ ಒಂದೇ ಮುದ್ದೆ ಮಾಡುತ್ತಾರೆ. ಒಂದೊಂದಕ್ಕೆ ಒಂದೊಂದು ಉದಾಹರಣೆ ಸಿಕ್ಕರೆ ನನಗೆ ಕಲಿಸಲು ಹಗುರಾಗುತ್ತದೆ."

ಅಜ್ಜಾರು ನಕ್ಕರು. "ಅಲಕ್ಷ್ಯ, ಉಪೇಕ್ಷೆ, ಅಸಡ್ಡೆ, ತಾತ್ಸಾರ. ನೋಡದೆ ಬಿಡುವುದರಲ್ಲಿ ನಾವೇನು ಇಂಗ್ಲಿಷರಿಗೆ ಕಡಿಮೆಯಿಲ್ಲ, ಮಾರಾಯ. ಉದಾಹರಣೆ ಬೇಕೋ? ಕೂತುಕೋ. ನಡುವೆ ಬಾಯಿ ಹಾಕಬೇಡ."

ಹೀಗೆ ಹೇಳಿ ಅವರು ಕತೆ ಶುರು ಮಾಡಿದರು.

ಒಂದೂರಿನಲ್ಲಿ ಒಬ್ಬ ವೈದ್ಯನಿದ್ದ. ನಾಡಿ ಹಿಡಿಯುವ ವೈದ್ಯನಲ್ಲ, ಮುಖ ನೋಡುವ ವೈದ್ಯ. ರೋಗಿ ಅಂಗಳ ದಾಟಿ ಕಟ್ಟೆಯ ಹತ್ತಿರ ಬರುವಷ್ಟರಲ್ಲಿ ಅವನಿಗೆ ರೋಗ ತಿಳಿದಿರುತ್ತಿತ್ತು. "ನಿನಗ ಹೊಟ್ಟೀದು, ಕುಂದ್ರು. ಏ, ನಿನಗೇನೂ ಆಗಿಲ್ಲ, ಹೆಂಡ್ತಿ ಕೂಡ ಜಗಳಾಡಿ ಬಂದೀದಿ, ಮನೀಗೆ ನಡಿ." ಹೀಗೆ. ಅವನ ಮಾತು ಸುಳ್ಳಾದದ್ದನ್ನು ಊರು ಕಂಡಿರಲಿಲ್ಲ.

ಅವನದೊಂದು ಪದ್ಧತಿ ಇತ್ತು. ಗುಣವಾಗುವ ರೋಗಿಯಾದರೆ ಮುಖಕ್ಕೆ ಮುಖ ಕೊಟ್ಟು ಬೈಯುತ್ತಿದ್ದ. ಯಾಕೆ ಇಷ್ಟು ತಡ ಮಾಡಿದಿ, ಏನೇನು ತಿಂದು ಸಾಯುತ್ತೀ, ನಿನಗೆ ಬುದ್ಧಿ ಯಾವಾಗ ಬರುವುದು ಎಂದು ಬಾಯಿಗೆ ಬಂದ ಹಾಗೆ ಬೈದು ಮದ್ದು ಕೊಡುತ್ತಿದ್ದ. ಇವನು ಉಳಿಯುವುದಿಲ್ಲ ಎಂದು ಕಂಡರೆ ಮಾತ್ರ ಬೈಯುತ್ತಿರಲಿಲ್ಲ. ತಲೆ ತಗ್ಗಿಸುತ್ತಿದ್ದ. ಮದ್ದಿಲ್ಲ, ಮಾತಿಲ್ಲ. "ಉಂಡು ಹೋಗ್ರಿ" ಎಂದಷ್ಟೇ ಹೇಳಿ ಒಳಗೆ ಕಳಿಸುತ್ತಿದ್ದ. ಸಾಯುವವನ ಎದುರಿಗೆ ಸಾವಿನ ಹೆಸರು ಎತ್ತಬಾರದು ಎಂದು ಅವನ ಅಪ್ಪ ಹೇಳಿಕೊಟ್ಟಿದ್ದ. ಇದು ಊರಿಗೆಲ್ಲ ಗೊತ್ತು. ವೈದ್ಯ ಬೈದರೆ ರೋಗಿಯ ಮನೆಯವರು ನಗುತ್ತ ಹೋಗುತ್ತಿದ್ದರು. ತಲೆ ತಗ್ಗಿಸಿದರೆ ಅಂಗಳದಲ್ಲೇ ಅಳು ಶುರುವಾಗುತ್ತಿತ್ತು.

ಮನೆಯಲ್ಲಿ ಅವನ ಹೆಂಡತಿ, ಮಗ, ಸೊಸೆ ಮತ್ತು ಒಬ್ಬಳು ಪುಟ್ಟ ಮೊಮ್ಮಗಳು. ಸೊಸೆಯ ಹೆಸರು ಸಾವಂತ್ರವ್ವ.

ಆ ಮನೆತನದಲ್ಲಿ ಮಾವನಾದವನು ಸೊಸೆಯ ಮುಖ ನೋಡುವ ಹಾಗಿಲ್ಲ. ಸೊಸೆಯಾದವಳು ಮಾವನ ಜೊತೆ ಮಾತಾಡುವ ಹಾಗಿಲ್ಲ. ಅವಳು ಮುಖದ ಮೇಲೆ ಸೆರಗು ಎಳೆದುಕೊಂಡು ರೊಟ್ಟಿ ನೀಡುತ್ತಾಳೆ, ಅವನು ತಲೆ ತಗ್ಗಿಸಿ ಉಣ್ಣುತ್ತಾನೆ. ಹೇಳುವುದೇನಾದರೂ ಇದ್ದರೆ ಹೆಂಡತಿಗೆ ಹೇಳುತ್ತಾನೆ. "ನಿನ್ನ ಸೊಸೀಗೆ ಹೇಳು, ಪಲ್ಯ ಚಲೋ ಆಗೇದ." ಅವಳು ಅಲ್ಲೇ ಕೈಗೆಟಕುವಷ್ಟು ಹತ್ತಿರ ನಿಂತಿರುತ್ತಾಳೆ, ಆದರೂ ಮಾತು ಅತ್ತೆಯನ್ನು ಬಳಸಿಕೊಂಡೇ ಹೋಗಬೇಕು. ನಗಬೇಡ. ಅದು ತಾತ್ಸಾರವಲ್ಲ, ಗೌರವ. ಆ ವೈದ್ಯ ಸೊಸೆಯನ್ನು ಹೆತ್ತ ಮಗಳ ಹಾಗೆ ಕಂಡವನು. ಕಂಡವನು ಅಂದೆನಲ್ಲ, ಮುಖವನ್ನಂತೂ ಕಂಡಿರಲಿಲ್ಲ. ಮದುವೆಯಾಗಿ, ಕೂಸು ಹುಟ್ಟಿ, ಆ ಕೂಸು ಅಂಗಳದಲ್ಲಿ ಆಡಿಕೊಳ್ಳುವಷ್ಟು ದೊಡ್ಡದಾದರೂ ಅವನಿಗೆ ಗೊತ್ತಿದ್ದದ್ದು ಅವಳ ಕೈ, ಬಳೆ, ಕಾಲುಂಗುರ. ಅಷ್ಟೇ.

ಸಾವಂತ್ರವ್ವನಿಗೆ ಕಾಮಾಲೆ ಬಂತು.

ಮೊದಲು ಊಟ ಸೇರದಾಯಿತು. ಒಗ್ಗರಣೆಯ ವಾಸನೆ ಬಂದರೆ ಹೊಟ್ಟೆ ತೊಳಸುತ್ತಿತ್ತು. ಕೊಡ ಎತ್ತಿದರೆ ಕಣ್ಣಿಗೆ ಕತ್ತಲೆ ಕಟ್ಟುತ್ತಿತ್ತು. ಆಮೇಲೆ ಕಣ್ಣು ಹಳದಿಯಾಯಿತು, ಮೈಯೂ ಹಳದಿಯಾಯಿತು.

ಬಾವಿಯ ಹತ್ತಿರ ನೆರೆಮನೆಯಾಕೆ ನೋಡಿದಳು. "ಅಯ್ಯ, ಸಾವಂತ್ರಿ, ನಿನ್ನ ಕಣ್ಣು ಹಳದಿ ಆಗ್ಯಾವಲ್ಲೇ!" ಎಂದಳು. ಅಂದವಳೇ ಹಣೆ ಬಡಿದುಕೊಂಡು ನಕ್ಕಳು. "ನನಗರೆ ಬುದ್ಧಿ ಎಲ್ಲೈತಿ? ವೈದ್ಯರ ಮನ್ಯಾಗ ಇರಾಕಿಗೆ ನಾ ಹೇಳಾಕ ಬಂದೆ." ಕೊಡ ಹೊತ್ತು ಹೋದಳು.

ಗಂಡ ನೋಡಿದ. "ಯಾಕ ಸೊರಗೀದಿ?" ಎಂದು ಕೇಳಿದ. ಅವಳು ಏನಿಲ್ಲ ಎಂದಳು. ಅಷ್ಟಕ್ಕೇ ಬಿಟ್ಟವನಲ್ಲ ಅವನು, ಪಾಪ. ಅಪ್ಪನಿಗೆ ಹೇಳಬೇಕೆಂದು ಹೋಗಿ ಎದುರಿಗೆ ನಿಂತ. ಆದರೆ ಆ ಮನೆಯಲ್ಲಿ ಮಗನಾದವನು ಅಪ್ಪನ ಮುಂದೆ ಹೆಂಡತಿಯ ಸುದ್ದಿ ಎತ್ತುವುದೆಂದರೆ ನಾಚಿಕೆಗೇಡು. ಬಾಯಿ ತೆರೆದವನು, ಬೇರು ತರಲು ಯಾವ ಗುಡ್ಡಕ್ಕೆ ಹೋಗಲಿ ಎಂದು ಕೇಳಿ ಹಿಂದಿರುಗಿದ. ಅಪ್ಪನ ಕಣ್ಣಿಗೆ ಬೀಳದ್ದು ತನ್ನ ಕಣ್ಣಿಗೆ ಏನು ಬಿದ್ದೀತು ಎಂದುಕೊಂಡ.

ಅತ್ತೆಯೂ ನೋಡಿದಳು. ಅವಳಿಗೆ ಕಂಡದ್ದು ಮೈಗಳ್ಳತನ. ಸೊಸೆ ಒರಳಿನ ಮುಂದೆ ಕೂತು ಕಣ್ಣು ಮುಚ್ಚಿದರೆ ಗದರಿಸುತ್ತಿದ್ದಳು. ಬಾಯಿ ಜೋರೇ ಹೊರತು ಕೆಟ್ಟವಳಲ್ಲ. ಅವಳಿಗೂ ಒಮ್ಮೊಮ್ಮೆ ಒಳಗೇ ಅಳುಕಾಗುತ್ತಿತ್ತು. ಆಗ ತನಗೆ ತಾನೇ ಸಮಾಧಾನ ಹೇಳಿಕೊಳ್ಳುತ್ತಿದ್ದಳು. ಯಜಮಾನರು ದಿನಾ ಇವಳ ಕೈಯಿಂದಲೇ ಉಣ್ಣುತ್ತಾರೆ, ಏನಾದರೂ ಇದ್ದಿದ್ದರೆ ಹೇಳದೆ ಬಿಡುತ್ತಿದ್ದರೇ?

ಆ ಮನೆಯಲ್ಲಿ ಎಲ್ಲರೂ ನಿದ್ದೆ ಮಾಡುತ್ತಿದ್ದದ್ದು ಈ ಒಂದು ಮಾತಿನ ಮೇಲೆ.

ಇನ್ನು ವೈದ್ಯ. ಅವನ ಕಣ್ಣಿಗೆ ದಿನಾ ಬೀಳುತ್ತಿದ್ದದ್ದು ರೊಟ್ಟಿ ನೀಡುವ ಕೈ. ಕೈ ಹಳದಿಯಾಗಿತ್ತು. ಅವನು ಅದನ್ನು ನೋಡಿದ. ನೋಡಿ ಸಂತೋಷಪಟ್ಟ! ಮುತ್ತೈದೆ ಕೈತುಂಬ ಅರಿಷಿಣ ಹಚ್ಚಿಕೊಂಡಿದ್ದಾಳೆ, ಮನೆಗೆ ಲಕ್ಷಣ ಎಂದುಕೊಂಡ.

ಇಲ್ಲಿ ಮುರಿಗೆಪ್ಪನಿಗೆ ತಡೆಯಲಾಗಲಿಲ್ಲ. "ಅವಳೇ ಬಾಯಿ ಬಿಟ್ಟು ಹೇಳಬಹುದಿತ್ತಲ್ಲ, ಅಜ್ಜಾರೇ? ಅತ್ತೆಯ ಮುಂದಾದರೂ?"

"ಹೇಳಬಹುದಿತ್ತಂತೆ! ನೀನು ಹೋಗಿ ಹೇಳಿಕೊಡಬೇಕಿತ್ತು," ಎಂದು ಅಜ್ಜಾರು ಗದರಿಸಿದರು. "ಸುಮ್ಮನೆ ಕೇಳು. ಅವಳು ಯಾಕೆ ಹೇಳಲಿಲ್ಲ ಅನ್ನುವುದಕ್ಕೇ ಬರುತ್ತಿದ್ದೇನೆ."

ಮೊದಮೊದಲು ಅವಳೂ ಎಲ್ಲರಂತೆಯೇ ಅಂದುಕೊಂಡಳು. ಮಾವನವರು ಏನೂ ಅನ್ನಲಿಲ್ಲ, ಅಂದಮೇಲೆ ಏನೂ ಇಲ್ಲ. ಆದರೆ ಅವಳು ಆ ಮನೆಯಲ್ಲಿ ಬಾಳುವೆ ಮಾಡಿದವಳು. ಅಡಿಗೆಮನೆಯ ಬಾಗಿಲ ಸಂದಿಯಿಂದ ಎಷ್ಟೋ ರೋಗಿಗಳನ್ನು ನೋಡಿದವಳು. ಮಾವ ತಲೆ ತಗ್ಗಿಸಿ "ಉಂಡು ಹೋಗ್ರಿ" ಎಂದು ಒಳಗೆ ಕಳಿಸಿದವರಿಗೆಲ್ಲ ಬಡಿಸಿದವಳು ಅವಳೇ. ಅವರು ತುತ್ತು ನುಂಗಲಾರದೆ ಕೂರುತ್ತಿದ್ದದ್ದನ್ನು ಕಂಡವಳು.

ಒಂದು ಮಧ್ಯಾಹ್ನ ರೊಟ್ಟಿ ನೀಡುವಾಗ ಸೆರಗಿನೊಳಗಿಂದ ಮಾವನ ಕಡೆ ನೋಡಿದಳು. ಅವನ ತಲೆ ತಗ್ಗಿತ್ತು. ತಗ್ಗಿಸದ ದಿನವೇ ಇರಲಿಲ್ಲ, ನಿಜ. ಆದರೆ ಅವತ್ತು ಅವಳಿಗೆ ಒಂದು ಅನುಮಾನ ಹುಟ್ಟಿತು. ಇದು ಸೊಸೆಗೆ ತೋರಿಸುವ ಮರ್ಯಾದೆಯೋ, ಸಾಯುವವಳಿಗೆ ತೋರಿಸುವ ಮರ್ಯಾದೆಯೋ?

ಅಲ್ಲಿಂದ ಅವಳಿಗೆ ಊಟದ ಹೊತ್ತೆಂದರೆ ಭಯ. ಅತ್ತೆಯ ಮೂಲಕ ಕೇಳೋಣವೆಂದರೆ, ಕೇಳಿದ ಮೇಲೆ ಅವನು ಸುಮ್ಮನಿದ್ದುಬಿಟ್ಟರೆ? ಆಗ ಗತಿ ಏನು? ಕೇಳದಿದ್ದರೆ ಅನುಮಾನವಾದರೂ ಉಳಿಯುತ್ತದೆ. ಅವಳಿಗೆ ಒಂದೇ ಆಸೆ. ಮಾವ ಒಮ್ಮೆ ಬೈದರೆ ಸಾಕು. ಯಾವುದಕ್ಕಾದರೂ ಸರಿ, ಬೈದರೆ ಸಾಕು.

ಬೈಸಿಕೊಳ್ಳಲು ಅವಳೊಂದು ಉಪಾಯ ಮಾಡಿದಳು. ಪಲ್ಯಕ್ಕೆ ಬೇಕೆಂದೇ ಉಪ್ಪು ಸುರಿದಳು. ಬಾಯಿಗಿಟ್ಟರೆ ನಾಲಗೆ ಚುರ್ ಎನ್ನಬೇಕು, ಹಾಗೆ. ಬಡಿಸಿ ಬಾಗಿಲ ಮರೆಯಲ್ಲಿ ನಿಂತಳು.

ವೈದ್ಯ ಒಂದು ತುತ್ತು ತಿಂದ. ತಡೆದ. ಆಮೇಲೆ ಏನೂ ಅನ್ನದೆ ಎಲ್ಲವನ್ನೂ ತಿಂದ. ಹೆಂಡತಿ ತನ್ನ ತಾಟಿನದು ಬಾಯಿಗಿಟ್ಟು ಕೂಗಲು ಹೊರಟಾಗ ಕೈ ಅಡ್ಡ ಮಾಡಿದ. "ಏನೂ ಅನಬ್ಯಾಡ. ಕೂಸಿನ ಕೈ ತಪ್ಪೇದ" ಎಂದು ಮೆಲ್ಲಗೆ ಹೇಳಿದ. ಅದು ಸಾವಂತ್ರವ್ವನಿಗೆ ಕೇಳಿಸಲಿಲ್ಲ. ಆಮೇಲೆ ಅವಳಿಗೆ ಕೇಳಲೆಂದೇ ತುಸು ದನಿ ಏರಿಸಿದ. "ನಿನ್ನ ಸೊಸೀಗೆ ಹೇಳು, ಹೊತ್ತಾತು, ಉಂಡು ಹೋಗಿ ಮಲಗಲಿ."

ಎಷ್ಟು ಒಳ್ಳೆಯವನು ನೋಡು! ಬಾಗಿಲ ಹಿಂದೆ ಅವಳ ಕಿವಿಗೆ ಬಿದ್ದದ್ದು "ಉಂಡು ಹೋಗಿ" ಎಂಬುದಷ್ಟೇ.

ಅವಳು ಅಳಲಿಲ್ಲ. ಮಗಳನ್ನು ಕರೆದು ಕೂರಿಸಿಕೊಂಡು, ತನ್ನ ಜಡೆ ತಾನೇ ಹಾಕಿಕೊಳ್ಳುವುದನ್ನು ಹೇಳಿಕೊಟ್ಟಳು. ಹುಡುಗಿಯ ಕೈ ಹಿಂದಕ್ಕೆ ಸರಿಯಾಗಿ ಮುಟ್ಟುತ್ತಿರಲಿಲ್ಲ. ಹೆಣೆದದ್ದು ಬಿಚ್ಚಿಹೋಗುತ್ತಿತ್ತು. "ಯವ್ವಾ, ನೀನೇ ಹಾಕ" ಎಂದು ಹುಡುಗಿ ರಚ್ಚೆ ಹಿಡಿದಳು. "ಇಲ್ಲವ್ವಾ, ಮತ್ತೊಮ್ಮೆ ಮಾಡು. ಮೂರು ಕಾಲು ಮಾಡಿಕೋ, ಬಿಗಿಯಾಗಿ ಹಿಡಿ." ಹುಡುಗಿ ಅತ್ತರೂ ಬಿಡಲಿಲ್ಲ. ಗಂಡನಿಗೆ ಯಾವ ಡಬ್ಬಿಯಲ್ಲಿ ಯಾವ ಬೇಳೆ ಇದೆ ಎಂದು ತೋರಿಸಿದಳು. "ಇನ್ನ ಮ್ಯಾಲೆ ಅಡಿಗಿ ನನಗ ವಹಿಸ್ತಿ ಏನು?" ಎಂದು ಅವನು ನಕ್ಕ. ಅವಳೂ ನಕ್ಕಳು.

ಹೀಗೆ ಒಂದೊಂದೇ ದಿನ ಕಳೆಯುತ್ತ ಹೋಯಿತು. ದಿನಾ ಅವಳು ನೀಡಿದಳು, ದಿನಾ ಅವನು ತಲೆ ತಗ್ಗಿಸಿ ಉಂಡ. ಮದ್ದು ಪಕ್ಕದ ಕೋಣೆಯಲ್ಲೇ ಇತ್ತು.

ಒಂದು ದಿನ ರೊಟ್ಟಿ ನೀಡುವಾಗ ಅವಳ ಕೈ ತಾಟಿಗೆ ತಗಲಿತು. ವೈದ್ಯ ಅವತ್ತು ಲಹರಿಯಲ್ಲಿದ್ದ. ಹೆಂಡತಿಗೆ ನಗುತ್ತ ಹೇಳಿದ, "ನಿನ್ನ ಸೊಸೀಗೆ ಹೇಳು, ಬಡಿಸುವಾಗ ಅಷ್ಟು ಅರಿಷಿಣ ಬ್ಯಾಡ, ರೊಟ್ಟೀಗೆ ಹತ್ತೀತು."

"ಅರಿಷಿಣ ಎಲ್ಲೈತ್ರೀ ಮನ್ಯಾಗ?" ಎಂದಳು ಹೆಂಡತಿ. "ತೀರಿ ಎಷ್ಟು ದಿನ ಆತು. ಸಂತ್ಯಾಗ ತರ್ರಿ ಅಂತ ಬಡಕೊಂಡ್ರೂ ನೀವು ಕಿವಿಮ್ಯಾಲೆ ಹಾಕ್ಕೊಂಡಿಲ್ಲ."

ವೈದ್ಯನ ಕೈಯಲ್ಲಿದ್ದ ತುತ್ತು ಕೈಯಲ್ಲೇ ಉಳಿಯಿತು.

ಅವನು ಆ ಕೈಯನ್ನು ಮತ್ತೆ ನೋಡಿದ. ಅಂಗೈ ನೋಡಿದ. ಉಗುರು ನೋಡಿದ. ಅರಿಷಿಣವಲ್ಲ, ಕಾಮಾಲೆ. ಅಲ್ಲಿಗೆ ಬಂದ ಮೇಲೂ ತಲೆ ಮೇಲೇಳಲಿಲ್ಲ, ತಮ್ಮಾ. ಇಷ್ಟು ವರ್ಷ ತಗ್ಗಿಸಿದ ತಲೆ. ಕಡೆಗೂ ಎತ್ತಿದ. ಎತ್ತಿದರೆ ಎದುರಿಗಿರುವುದು ಬರೀ ಸೆರಗು.

"ಸೆರಗು ಸರಸವ್ವಾ" ಎಂದ.

"ಶಿವಶಿವಾ! ಏನ್ ಮಾತಾಡ್ತೀರಿ?" ಎಂದು ಹೆಂಡತಿ ಕೂಗಿದಳು. ಸಾವಂತ್ರವ್ವ ಅಲುಗಲಿಲ್ಲ.

"ನಾ ಈಗ ನಿನ್ನ ಮಾವ ಅಲ್ಲ. ಅಂಗಳಕ್ಕ ಬಂದವರಿಗೆಲ್ಲ ನಾ ಏನು, ನಿನಗೂ ಅದೇ. ಬೆಳಕಿಗೆ ಬಾ, ನಮ್ಮವ್ವಾ. ನಿನ್ನ ಕಾಲಿಗೆ ಬೀಳ್ತೀನಿ."

ಅವಳು ಬಾಗಿಲ ಬೆಳಕಿಗೆ ಬಂದು ಸೆರಗು ಸರಿಸಿದಳು.

ವೈದ್ಯ ಎಷ್ಟೋ ಕಾಮಾಲೆ ಕಂಡವನು. ಇಷ್ಟು ಏರಿದ್ದನ್ನು ಕಂಡು ಅವನ ಕುತ್ತಿಗೆ ತಾನಾಗಿಯೇ ಬಾಗತೊಡಗಿತು. ಇಷ್ಟಾದವರು ಅಂಗಳಕ್ಕೆ ಬಂದಾಗ ಅವನು ತಲೆ ತಗ್ಗಿಸಿದ್ದುಂಟು. ಅವಳು ಕಣ್ಣು ಮಿಟುಕಿಸದೆ ಅವನ ಕುತ್ತಿಗೆಯನ್ನೇ ನೋಡುತ್ತಿದ್ದಳು. ಅದು ಅವನಿಗೆ ಹೊಳೆಯಿತು. ಹಲ್ಲು ಕಚ್ಚಿ ತಲೆಯನ್ನು ನೆಟ್ಟಗೆ ಹಿಡಿದ.

ಆಗ ಅವಳು ಮಾತಾಡಿದಳು. ಮಾವನ ಜೊತೆ ಅವಳ ಮೊದಲ ಮಾತು ಅದು. "ಮಾವನೋರೇ, ನಿಮಗ ಮೊದಲೇ ಗೊತ್ತಿತ್ತಲ್ರೀ? ಅದಕ್ಕೇ ದಿನಾ ತಲಿ ತಗ್ಗಿಸ್ತಿದ್ರಲ್ರೀ?"

"ಇಲ್ಲವ್ವಾ" ಎಂದ ವೈದ್ಯ. "ನಾ ನೋಡೇ ಇರಲಿಲ್ಲ."

"ನೋಡೇ ಇರಲಿಲ್ಲ?" ಎಂದಳು. ಅಷ್ಟು ದಿನ ಅಳದವಳು ಆಗ ಅತ್ತಳು. ಸಾಯುತ್ತೇನೆಂದು ತಿಳಿದಾಗ ಬರದ ಅಳು ಆ ಮಾತಿಗೆ ಬಂತು.

ವೈದ್ಯ ಅವಳನ್ನು ಬೈಯಲು ಹೊರಟ. "ಹುಚ್ಚೀ, ಒಂದು ಮಾತು ಬಾಯಿಬಿಟ್ಟು ಹೇಳಾಕ ಬರಲಿಲ್ಲೇನು ನಿನಗ" ಎಂದು ಶುರು ಮಾಡಿದ. ಬೈಗುಳವನ್ನು ಅರ್ಧಕ್ಕೇ ಬಿಟ್ಟು ಅವಳನ್ನು ಹಿಡಿದು ಕೂರಿಸಿದ. ಉಳಿಯುವವಳೆಂದು ಬೈದನೋ, ಸಮಾಧಾನಕ್ಕೆ ಬೈದನೋ, ಅವಳಿಗೆ ತಿಳಿಯಲಿಲ್ಲ. ಅವನಿಗೂ ತಿಳಿದಿರಲಿಲ್ಲ.

ಅವತ್ತು ಮನೆಯಲ್ಲಿ ಒಂದೇ ರಾದ್ಧಾಂತ. ನೀನು ನೋಡಲಿಲ್ಲವೇ ಎಂದು ಮಗನನ್ನು ಕೇಳಿದ, ಹೆಂಡತಿಯನ್ನು ಕೇಳಿದ, ಸುದ್ದಿ ಕೇಳಿ ಓಡಿಬಂದ ನೆರೆಮನೆಯಾಕೆಯನ್ನೂ ಕೇಳಿದ. ನೋಡಿದೆವು ಎಂದರು ಎಲ್ಲರೂ. ನೀವು ಇದ್ದೀರಲ್ಲ ಎಂದುಕೊಂಡೆವು ಎಂದರು. ವೈದ್ಯ ಒಳಗೆ ಹೋಗಿ ಬೇರು ತೇಯಲು ಕೂತ.

ಮದ್ದು ಶುರುವಾಯಿತು. ಕುಡಿಸಿದ್ದು ಹೊಟ್ಟೆಯಲ್ಲಿ ನಿಲ್ಲುತ್ತಿರಲಿಲ್ಲ. ಒಂದು ದಿನ ಎರಡು ಗುಟುಕು ಮಜ್ಜಿಗೆ ಕುಡಿದಳೆಂದು ಮನೆಯೆಲ್ಲ ಹಿಗ್ಗಿತು. ಮರುದಿನ ಜ್ವರ ಏರಿ ಮಗಳ ಗುರುತು ಹಿಡಿಯಲಿಲ್ಲ. ಅತ್ತೆ ಅವಳ ಕಾಲು ಒತ್ತುತ್ತ ಕೂತಳು, ಬೈಯುವುದನ್ನೇ ಮರೆತಳು. ಗಂಡ ನಾಚಿಕೆ ಬಿಟ್ಟು ಎಲ್ಲರೆದುರಿಗೇ ಹೆಂಡತಿಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡ. ಅಂಗಳದಲ್ಲಿ ರೋಗಿಗಳು ಬಂದು ಕಾಯ್ದು ಕಾಯ್ದು ಹೋದರು. ವೈದ್ಯ ಅವರ ಕಡೆ ತಿರುಗಿಯೂ ನೋಡಲಿಲ್ಲ. ಅವರಲ್ಲಿ ಯಾರಿಗೆ ಏನಿತ್ತೋ, ಶಿವನೇ ಬಲ್ಲ.

ಜ್ವರ ಇಳಿದ ಹಾಗೆ ಕಂಡ ಒಂದು ಬೆಳಿಗ್ಗೆ, ವೈದ್ಯ ಬಾಗಿಲು ಪೂರ್ತಿ ತೆರೆಸಿದ. ಸೊಸೆಯನ್ನು ಎಬ್ಬಿಸಿ ಬಿಸಿಲಿಗೆ ಮುಖ ಮಾಡಿ ಕೂರಿಸಿದ. ಮೊಮ್ಮಗಳು ತಾಯಿಯ ಕೈ ಹಿಡಿದುಕೊಂಡಿದ್ದಳು. ಅತ್ತೆ ಸೆರಗನ್ನು ಬಾಯಿಗೆ ತುರುಕಿಕೊಂಡು ನಿಂತಿದ್ದಳು. ವೈದ್ಯ ಅವಳ ಎದುರಿಗೆ ಕುಕ್ಕರುಗಾಲಲ್ಲಿ ಕೂತು, ಹೆಬ್ಬೆರಳಿನಿಂದ ಅವಳ ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದ. ಮತ್ತೊಂದು ಕಣ್ಣನ್ನೂ ನೋಡಿದ...

"ಸಿಕ್ಕಿತು, ಅಜ್ಜಾರೇ!" ಎಂದು ಮುರಿಗೆಪ್ಪ ತೊಡೆ ತಟ್ಟಿದ.

ಅಜ್ಜಾರು ನಿಲ್ಲಿಸಿದರು.

"ಎಲ್ಲವೂ ಒಂದೇ ಮನೆಯಲ್ಲಿ ಸಿಕ್ಕಿತಲ್ಲ! ಅತ್ತೆಯದು ಡಿಸ್‌ರಿಗಾರ್ಡ್. ಕಂಡಳು, ಮೈಗಳ್ಳತನವೆಂದು ತಳ್ಳಿಹಾಕಿದಳು. ನೆರೆಮನೆಯವಳದು ಇಗ್ನೋರ್. ಗಂಡನದು ನೆಗ್ಲೆಕ್ಟ್, ಕೈಹಿಡಿದವನು ನೋಡಿಕೊಳ್ಳಬೇಕಿತ್ತು. ವೈದ್ಯನದು ಮಾತ್ರ ಸ್ವಲ್ಪ ತೊಡಕು. ಕಣ್ಣು ತಪ್ಪಿತು ಅನ್ನೋಣವೆಂದರೆ ಹಳದಿ ಕೈ ಕಂಡಿತ್ತು. ಆದರೂ ಓವರ್‌ಲುಕ್ ಎಂದೇ ಇಟ್ಟುಕೊಳ್ಳಬಹುದು. ಉಪ್ಪು ಹೆಚ್ಚಾದದ್ದನ್ನು ಮನ್ನಿಸಿದನಲ್ಲ, ಅದಕ್ಕೂ ಇಂಗ್ಲಿಷಿನಲ್ಲಿ ಇದೇ ಪದ ನಡೆಯುತ್ತದೆ, ನೋಡಿ! ಹುಡುಗರು ಇನ್ನು ಜನ್ಮದಲ್ಲಿ ಮರೆಯುವುದಿಲ್ಲ." ಅವನಿಗೆ ಖುಷಿಯಿಂದ ಕೂರಲಾಗುತ್ತಿರಲಿಲ್ಲ. "ಒಂದೇ ಉಳಿಯಿತು, ಹೇಳಿಬಿಡಿ. ಈ ನಾಲ್ವರಲ್ಲಿ ಯಾರದು ದೊಡ್ಡ ತಪ್ಪು?"

ಅಜ್ಜಾರು ಅವನ ಮುಖ ನೋಡಿದರು.

"ಸಾವಂತ್ರವ್ವ ಉಳಿದಳೋ ಇಲ್ಲವೋ ಎಂದು ನೀನು ಕೇಳಲೇ ಇಲ್ಲವಲ್ಲ, ತಮ್ಮಾ."